ಕಾಫಿ ಫಿಲ್ಟರಿನ ಅಜ್ಜಿ ಮತ್ತು ನಲವತ್ತೈದು ಸೆಕೆಂಡು

ಮೂವತ್ತೊಂದನೇ ವಯಸ್ಸಿಗೇ ನನಗೆ ನಿವೃತ್ತಿಯಾಯಿತು. ಹೀಗೆ ಹೇಳಿದವರು ಕುಲಕರ್ಣಿ ಅಂಕಲ್. ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನಲ್ಲಿ, ಎಲ್‌ಬಿಜೆ ಫ್ರೀವೇಗೆ ಮುಖ ಮಾಡಿ ನಿಂತ ಆಫೀಸು ಕಟ್ಟಡದ ಎರಡನೇ ಮಹಡಿಯಲ್ಲಿ ಅವರದೊಂದು ಇಂಗ್ಲಿಷ್ ತರಬೇತಿ ಕೇಂದ್ರವಿದೆ. ಇಷ್ಟು ವರ್ಷ ಅಲ್ಲಿ ಪಾಠ ಹೇಳುತ್ತಿದ್ದ ನಾನು ಕೆಲಸ ಬಿಟ್ಟು ಆಸ್ಟಿನ್‌ಗೆ ಓದಲು ಹೊರಟೆ ಎಂದಾಗ, ಅವರು ಊರಿನ ಹೈಸ್ಕೂಲು ಮೇಷ್ಟರನ್ನು ಬೀಳ್ಕೊಡುವ ಹಾಗೆ ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ ಎಲ್ಲ ತರಿಸಿದರು. ಹಾರ ಹೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ಪೂಜಾಸಾಮಗ್ರಿ ಅಂಗಡಿಯದು, ದೇವರ ಪಟಕ್ಕೆ ಹಾಕುವ ಅಳತೆ. ನನ್ನ ತಲೆ ದಾಟಲಿಲ್ಲ. ಕೈಗೆ ಸುತ್ತಿಕೊಂಡೇ ಫೋಟೋ ತೆಗೆಸಿಕೊಂಡೆ.

"ಅಂಕಲ್, ನಿವೃತ್ತಿ ಅಂದ್ರೆ ಅರವತ್ತಕ್ಕೆ ಅಲ್ವಾ?" ಎಂದೆ.

"ಕೆಲಸ ಬಿಟ್ಟಮ್ಯಾಲೆ ನಿವೃತ್ತೀನ. ವಯಸ್ಸಿಗೂ ಅದಕ್ಕೂ ಏನ ಸಂಬಂಧ? ಸೋಮವಾರ ಇಬ್ಬರು ಹೊಸ ಹುಡುಗ್ಯಾರು ಬರ್ತಾರ. ಅವರಿಗೆ ಈ ಕೆಲಸ ಅಂದ್ರ ಏನು ಅಂತ ಬರದಿಟ್ಟು ಹೋಗು ತಂಗಿ. ಛಂದ ಬರೀಬ್ಯಾಡ, ಖರೇ ಬರಿ."

ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಮೊದಲಿನಿಂದಲೂ ದಿನಚರಿಯ ಹುಚ್ಚು. ತಾರೀಖು, ಯಾರು ಬಂದರು, ಎಷ್ಟು ಹೊತ್ತು ಮಾತಾಡಿದರು, ಮಧ್ಯೆ ಎಲ್ಲೆಲ್ಲಿ ತಡವರಿಸಿದರು ಎಲ್ಲವೂ ಅದರಲ್ಲಿರುತ್ತದೆ. ಒಂದು ತಡವರಿಕೆಗೆ ಒಂದು ಪೆನ್ಸಿಲ್ ಗೀಟು, ನಾಲ್ಕು ಗೀಟಿನ ಮೇಲೆ ಅಡ್ಡಲಾಗಿ ಐದನೆಯದು. ನನಗೆ ಈ ಕೆಲಸ ಸಿಕ್ಕಿದ್ದೂ ಈ ಗೀಟುಗಳಿಂದಲೇ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನವೂ ಕುಲಕರ್ಣಿ ಅಂಕಲ್ ಮಾತಾಡುತ್ತಿದ್ದಂತೆಯೇ ನಾನು ಅವರ ತಡವರಿಕೆಗೂ ಗೀಟು ಹಾಕಿಕೊಂಡಿದ್ದೆ. ಅವರು ಇಣುಕಿ ನೋಡಿ, "ಇದೇನು, ನನ್ನ ಲೆಕ್ಕನೂ ಹಿಡದೀಯಲ್ಲ! ನಾಳೆಯಿಂದ ಬಾ" ಎಂದಿದ್ದರು.

ಹೊಸಬರಿಗೆ ಮೊದಲು, ಇಲ್ಲಿ ಓದಲು, ಕೆಲಸದ ಪರವಾನಗಿ ಪಡೆಯಲು ಹೊರನಾಡಿನವರು ದಾಟಬೇಕಾದ ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಹೇಳುತ್ತೇನೆ. ಓದುವುದು, ಬರೆಯುವುದು, ಕೇಳಿಸಿಕೊಳ್ಳುವುದು ಮೂರನ್ನೂ ನಮ್ಮ ಚೀನೀ ವಿದ್ಯಾರ್ಥಿಗಳು ಹೇಗೋ ದಾಟಿಬಿಡುತ್ತಾರೆ. ಅವರು ಸಿಕ್ಕಿಬೀಳುವುದು ಮಾತಿನಲ್ಲಿ. ಎದುರಿಗೆ ಮನುಷ್ಯನಿಲ್ಲ, ಕಂಪ್ಯೂಟರ್ ಇದೆ. ಕಿವಿಗೆ ಹೆಡ್‌ಸೆಟ್. ಪರದೆಯ ಮೇಲೆ ಪ್ರಶ್ನೆ ಬರುತ್ತದೆ. ಯೋಚಿಸಲು ಹದಿನೈದು ಸೆಕೆಂಡು, ಮಾತಾಡಲು ನಲವತ್ತೈದು ಸೆಕೆಂಡು. ಅದೇ ಕೋಣೆಯಲ್ಲಿ ಅಡ್ಡಗೋಡೆಗಳ ಮಧ್ಯೆ ಕೂತ ಹತ್ತಾರು ಜನ ಅದೇ ಹೊತ್ತಿಗೆ ಅವರವರ ಮೈಕಿಗೆ ಕೂಗುತ್ತಿರುತ್ತಾರೆ. ದನದ ಸಂತೆಯಲ್ಲಿ ನಿಂತು ಗುಟ್ಟು ಹೇಳಿದ ಹಾಗೆ.

ಕುಲಕರ್ಣಿ ಅಂಕಲ್ ಧಾರವಾಡದವರು. ಟೆಲಿಫೋನ್ ಇಂಜಿನಿಯರ್ ಆಗಿ ಇಲ್ಲಿಯೇ ರಿಟೈರ್ ಆದವರು. ಕೇಂದ್ರ ತೆರೆದದ್ದು ನಮ್ಮ ಊರುಗಳಿಂದ ಬರುವವರಿಗೆಂದು. ನಮ್ಮವರು ಒಬ್ಬರೂ ಬರಲಿಲ್ಲ. "ನಮಗ ಇಂಗ್ಲಿಷ್ ಬರ್ತದ ಅಂತ ನಮ್ಮ ಮಂದಿಗೆ ಹುಟ್ಟಾ ಧೈರ್ಯ" ಎನ್ನುತ್ತಿದ್ದರು. ಬಂದವರು ಚೀನೀಯರು. ಒಬ್ಬರು ಬಂದರೆ ಅವರ ಹಿಂದೆ ಐದು ಜನ. ಹೂಸ್ಟನ್ನಿನಿಂದಲೂ ಕೇಳಿಕೊಂಡು ಬಂದಾಗ, ತಿಂಗಳಿಗೆ ಎರಡು ಶನಿವಾರ ಹಿಲ್‌ಕ್ರಾಫ್ಟ್‌ನ ಸೀರೆ ಅಂಗಡಿಯ ಮೇಲೊಂದು ಹಾಲ್ ಹಿಡಿದು ಕ್ಲಾಸು ಶುರು ಮಾಡಿದರು. ನಾನೂ ಅಂಕಲ್ಲೂ ಬೆಳಿಗ್ಗೆ ಡಾಲಸ್ ಬಿಟ್ಟು ನಾಲ್ಕು ಗಂಟೆ ಡ್ರೈವ್ ಮಾಡಿ ಹೋಗಿ, ಸಂಜೆ ವಾಪಸ್ ಬರುತ್ತಿದ್ದೆವು. ಟೆಕ್ಸಸ್‌ನಲ್ಲಿ ನಾಲ್ಕು ಗಂಟೆಯ ದಾರಿಗೆ ದೂರ ಎನ್ನುವವರಿಲ್ಲ.

ಮೊದಲ ಕ್ಲಾಸಿನಲ್ಲೇ ಎಡವಿದೆ. ಹತ್ತು ಹನ್ನೆರಡು ಜನ ಕೂತಿದ್ದರು. "ಹಿರಿಯರೊಬ್ಬರಿಂದ ನೀವು ಏನಾದರೂ ಕಲಿತಿದ್ದೀರಲ್ಲ, ಅದನ್ನು ಹೇಳಿ. ಮನಸ್ಸಿಗೆ ಬಂದದ್ದು ಹೇಳಿ" ಎಂದೆ. ಒಬ್ಬರೂ ಬಾಯಿ ಬಿಡಲಿಲ್ಲ. ಇವರಿಗೆ ಏನೂ ಬರುವುದಿಲ್ಲ ಎಂದುಕೊಂಡೆ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಬಹಳ ಮರ್ಯಾದೆಯಿಂದ ಕೇಳಿದರು, "ಟೀಚರ್, ಪಾಠ ಎಲ್ಲಿದೆ?"

ಅವರು ಕೇಳಿದ್ದು ಮಾದರಿ ಉತ್ತರ. ಒಳ್ಳೆಯ ಮಾದರಿಯನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡುವುದು ಅವರಿಗೆ ಕಲಿಕೆಯ ಮೊದಲ ಮೆಟ್ಟಿಲು, ಕಲಿಸಿದವರಿಗೆ ತೋರಿಸುವ ಗೌರವ ಕೂಡ. ಇದು ನನಗೇಕೆ ವಿಚಿತ್ರವಾಗಿ ಕಾಣಬೇಕಿತ್ತು? ನಾನೂ ಮೈಸೂರಿನ ಶಾಲೆಯಲ್ಲಿ ರಾಷ್ಟ್ರೀಯ ಹಬ್ಬಗಳ ಪ್ರಬಂಧವನ್ನು ಅಲ್ಪವಿರಾಮದ ಸಮೇತ ಉರು ಹೊಡೆದು ಅಂಕ ಗಿಟ್ಟಿಸಿದವಳೇ. ಅವರ ಮುಖ ನೋಡಿ ನಾನೇ ಒಂದು ಉತ್ತರ ಹೇಳಿದೆ. ನಮ್ಮಜ್ಜಿಯ ಹಿತ್ತಾಳೆ ಕಾಫಿ ಫಿಲ್ಟರು; ಅಜ್ಜಿ ಅದಕ್ಕೆ ಉಂಗುರದ ಬೆರಳಿನಿಂದ ಟಕ್ ಟಕ್ ಎಂದು ತಟ್ಟಿ, ಕಿವಿಗೊಟ್ಟು ಕೇಳಿ, ಡಿಕಾಕ್ಷನ್ ಇಳಿದಿದೆಯೋ ಇಲ್ಲವೋ ಹೇಳುತ್ತಿದ್ದದ್ದು; ಅವಸರ ಮಾಡಬಾರದು ಎಂದು ನಾನು ಅವರಿಂದ ಕಲಿತದ್ದು. ನಲವತ್ತೈದು ಸೆಕೆಂಡಿಗೆ ಸರಿಯಾಗಿ ಮುಗಿಸಿದೆ. ಚಪ್ಪಾಳೆ ಬಿತ್ತು. ಎಲ್ಲರೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಆ ಸಂಜೆ ದಿನಚರಿಯಲ್ಲಿ "ಅದ್ಭುತ ಕ್ಲಾಸು" ಎಂದು ಬರೆದಿದ್ದೇನೆ, ಕೆಳಗೆ ಎರಡು ಗೆರೆ ಎಳೆದು.

ಮುಂದಿನ ತಿಂಗಳು ಅಣಕು ಪರೀಕ್ಷೆ. ಮಾರನೆಯ ದಿನ ಅಂಕಲ್ ಹೆಡ್‌ಸೆಟ್ ಹಾಕಿಕೊಂಡು ರೆಕಾರ್ಡಿಂಗ್ ಕೇಳುತ್ತ ಕೂತಿದ್ದರು. ಮೊದಲು ಮುಗುಳ್ನಕ್ಕರು. ಆಮೇಲೆ ಹುಬ್ಬು ಗಂಟಿಕ್ಕಿದರು. ಆಮೇಲೆ ನನ್ನನ್ನು ಕರೆದರು.

"ಮೇಧಾ, ಚೀನಾದಾಗ ಮನಿಮನಿಗೆ ಹಿತ್ತಾಳಿ ಕಾಫಿ ಫಿಲ್ಟರ್ ಅದಾವೇನು?"

"ಯಾಕೆ ಅಂಕಲ್?"

"ಎಲ್ಲಾರ ಅಜ್ಜಿನೂ ಉಂಗುರಲೇ ಟಕ್ ಟಕ್ ಬಡಿಯಾಕಹತ್ಯಾರ. ಕೇಳ್ ಇಲ್ಲೆ."

ಕೇಳಿದೆ. ಹಾರ್ಬಿನ್ನಿನ ಅಜ್ಜಿ ಟಕ್ ಟಕ್. ಶಾಂಘೈ ಅಜ್ಜಿ ಟಕ್ ಟಕ್. ಒಬ್ಬರು ಜಾಣರು ಕಾಫಿಯ ಬದಲು ಚಹಾ ಎಂದು ಬದಲಿಸಿದ್ದರು, ಫಿಲ್ಟರನ್ನು ಮಾತ್ರ ಬಿಟ್ಟಿರಲಿಲ್ಲ. ನಗರದಲ್ಲಿ ಓಡಾಡಲು ಬಸ್ಸು ಒಳ್ಳೆಯದೋ ಕಾರು ಒಳ್ಳೆಯದೋ ಎಂಬ ಪ್ರಶ್ನೆಗೆ ಇನ್ನೊಬ್ಬರು, "ನಮ್ಮಜ್ಜಿ ಫಿಲ್ಟರ್ ಹಿಡಿದುಕೊಂಡು ಬಸ್ಸಿಗೆ ಕಾಯುತ್ತಿದ್ದರು" ಎಂದು ಶುರು ಮಾಡಿದ್ದರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಹೆದರಿಕೆಯಾಯಿತು. ನಿಜವಾದ ಪರೀಕ್ಷೆಯಲ್ಲಿ ಒಂದೇ ಉತ್ತರ ಹಲವರ ಬಾಯಲ್ಲಿ ಬಂದರೆ ಅಂಕವನ್ನೇ ತಡೆಹಿಡಿಯುತ್ತಾರೆ. ಅಂದಿನಿಂದ ಮಾದರಿ ಉತ್ತರ ಬಂದ್ ಮಾಡಿದೆವು. ಹೊಸಬರಿಗೆ ನನ್ನ ಮೊದಲ ಮಾತು ಇದೇ: ನಿಮ್ಮ ಅಜ್ಜಿಯನ್ನು ಯಾವ ಕಾರಣಕ್ಕೂ ಕ್ಲಾಸಿಗೆ ಕರೆತರಬೇಡಿ.

ಮಾದರಿ ನಿಲ್ಲಿಸಿದೆವು ಸರಿ, ಅದರ ಜಾಗಕ್ಕೆ ಏನು ತರಬೇಕು ಎಂದು ನಮಗೂ ಗೊತ್ತಿರಲಿಲ್ಲ. ಆ ಹೊತ್ತಿಗೆ ಹಿಲ್‌ಕ್ರಾಫ್ಟ್ ಕ್ಲಾಸಿಗೆ ಲಿನ್ ಬಂದರು.

ಲಿನ್ ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಚೆಂಗ್ಡು ನಗರದ ಆಸ್ಪತ್ರೆಯಲ್ಲಿ ಔಷಧ ವಿಭಾಗದಲ್ಲಿದ್ದವರು. ಹೂಸ್ಟನ್ನಿಗೆ ಬಂದ ಮೇಲೆ ಒಂದು ಔಷಧದಂಗಡಿಯ ಹಿಂದಿನ ಕೋಣೆಯಲ್ಲಿ ಶೀಶೆಗಳಿಗೆ ಲೇಬಲ್ ಅಂಟಿಸುವ ಕೆಲಸ. ಕೌಂಟರಿಗೆ ಬರುವಂತಿಲ್ಲ, ರೋಗಿಗಳಿಗೆ ಔಷಧದ ಬಗ್ಗೆ ಒಂದು ಮಾತು ಹೇಳುವಂತಿಲ್ಲ. ಫಾರ್ಮಸಿಸ್ಟ್ ಆಗುವ ದಾರಿಯ ಮಿಕ್ಕ ಬಾಗಿಲುಗಳನ್ನೆಲ್ಲ ಅವರು ದಾಟಿದ್ದರು. ಉಳಿದದ್ದು ಇಂಗ್ಲಿಷ್ ಮಾತಿನಲ್ಲಿ ಮೂವತ್ತಕ್ಕೆ ಇಪ್ಪತ್ತಾರು. ಮೂರು ಸಲ ಬರೆದಿದ್ದರು: ಇಪ್ಪತ್ತೆರಡು, ಇಪ್ಪತ್ತಮೂರು, ಮತ್ತೆ ಇಪ್ಪತ್ತೆರಡು. ಅಲ್ಲಿನ ಒಂದು ಆಸ್ಪತ್ರೆಯವರು ತರಬೇತಿಯ ಜಾಗ ಕೊಡಲು ಒಪ್ಪಿ, ಬೇಸಿಗೆ ಮುಗಿಯುವವರೆಗೆ ಕಾಯುತ್ತೇವೆ ಎಂದಿದ್ದರು. ಬೇಸಿಗೆ ಆಗಲೇ ಶುರುವಾಗಿತ್ತು.

"ಟೀಚರ್, ಈ ಸಲ ಆಗದಿದ್ದರೆ ಜೀವನವಿಡೀ ಲೇಬಲ್ಲು" ಎಂದರು ಮೊದಲ ದಿನವೇ, ನಗುತ್ತ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ. ಇಲ್ಲಿ ಕನ್ನಡಕ್ಕಿಳಿಸಿ ಬರೆಯುತ್ತಿದ್ದೇನೆ. ಅಂಕಲ್ ಮಾತ್ರ ಯಾವ ಭಾಷೆ ಆಡಿದರೂ ಅದು ಧಾರವಾಡದಲ್ಲೇ ಇಳಿಯುತ್ತಿತ್ತು.

ಲಿನ್ ಅವರಿಗೆ ಒಂದು ಪ್ರಶ್ನೆ ಕೊಟ್ಟು ಪೆನ್ಸಿಲ್ ಹಿಡಿದು ಕೂತೆ. ನಲವತ್ತೈದು ಸೆಕೆಂಡು ಮಾತಾಡಿದರು. ಹಾಳೆ ನೋಡಿದರೆ ಒಂದು ಗೀಟೂ ಇಲ್ಲ! ಇನ್ನೊಂದು ಪ್ರಶ್ನೆ ಕೊಟ್ಟೆ. ಮತ್ತೆ ಖಾಲಿ. ಒಂದು ತಡವರಿಕೆಯಿಲ್ಲ, ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ನೂರಕ್ಕೂ ಹೆಚ್ಚು ಉತ್ತರಗಳು ಅವರಿಗೆ ಬಾಯಿಗೆ ಬರುತ್ತಿದ್ದವು. ಕೆಲಸಕ್ಕೆ ಹೋಗುವ ಮುನ್ನ ಪಾರ್ಕಿಂಗ್ ಲಾಟ್‌ನಲ್ಲಿ ಕಾರಿನ ಕಿಟಕಿ ಏರಿಸಿಕೊಂಡು ಒಂದೊಂದಾಗಿ ಒಪ್ಪಿಸಿಕೊಳ್ಳುತ್ತಿದ್ದರಂತೆ. ಆದರೆ ಕೇಳಿದರೆ ರೈಲು ನಿಲ್ದಾಣದ ಪ್ರಕಟಣೆ ಕೇಳಿದ ಹಾಗೆ. ಯಾರೋ ಎಲ್ಲಿಗೋ ಹೋಗುತ್ತಿದ್ದಾರೆ, ನಮಗೂ ಅದಕ್ಕೂ ಸಂಬಂಧವಿಲ್ಲ.

ನನ್ನ ವಿಧಾನ ಅಲ್ಲಿಗೆ ಕೈಕೊಟ್ಟಿತು. ಗೀಟು ಕಡಿಮೆಯಾದಷ್ಟೂ ಮಾತು ಒಳ್ಳೆಯದು ಎಂಬ ಲೆಕ್ಕದ ಮೇಲೆ ನನ್ನ ಪಾಠವೆಲ್ಲ ನಿಂತಿತ್ತು. ಇಲ್ಲಿ ಗೀಟೇ ಇಲ್ಲ, ಅಂಕ ಮಾತ್ರ ಇಪ್ಪತ್ತೆರಡು. ಅವರಿಗೆ ಏನು ಹೇಳಲಿ? ಎರಡು ಶನಿವಾರ ಏನೇನೋ ಹೇಳಿ ಕಳಿಸಿದೆ. ವಾಪಸ್ ಬರುವಾಗ ಕಾರಿನಲ್ಲಿ ಅಂಕಲ್ ಕೇಳಿದರು, "ಆ ಅಕ್ಕಾವರಿಗೆ ಏನ ಕಮ್ಮಿ ಅದ?"

"ಏನೂ ಕಮ್ಮಿ ಇಲ್ಲ ಅಂಕಲ್. ಅದೇ ತೊಂದರೆ."

ಮೂರನೆಯ ಶನಿವಾರ ಕ್ಲಾಸು ಶುರುವಾಗುವ ಮುಂಚೆ ಅಂಕಲ್ ಮೂಲೆಯ ಕುರ್ಚಿಯಲ್ಲಿ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಜೇಬಿನಿಂದ ಮಾತ್ರೆ ತೆಗೆದು ಬಾಯಿಗೆ ಹಾಕಲು ಹೊರಟಿದ್ದರು. ಲಿನ್ ನನ್ನ ಪಕ್ಕದಲ್ಲಿದ್ದವರು ಎದ್ದೇ ಹೋದರು.

"ಅಂಕಲ್, ನಿಲ್ಲಿ. ಅದು ಯಾವ ಮಾತ್ರೆ?"

"ಥೈರಾಯ್ಡಿಂದು. ಭಾಳ ವರ್ಷ ಆತು."

"ಕಾಫಿ ಜೊತೆಗಾ?"

"ಕಾಫಿ ಇಲ್ಲದ ಇಳೀತದೇನು?"

"ನೀರಲ್ಲಿ ಇಳಿಯುತ್ತೆ."

"ನೀರಿಗೆ ರುಚಿ ಇರೂದಿಲ್ಲ."

"ಮಾತ್ರೆಗೂ ರುಚಿ ಇಲ್ಲ, ಅಂಕಲ್. ಇದು... ಹೇಗೆ ಹೇಳಲಿ... ಖಾಲಿ ಹೊಟ್ಟೆಗೆ ಹೋಗಬೇಕು. ಕಾಫಿ ಇದ್ದರೆ... ಅದು ಒಳಗೆ ಹೋಗುತ್ತೆ, ಆದರೆ... ಮೈಗೆ ಪೂರ್ತಿ ಸೇರಲ್ಲ. ನೀವು ಎಷ್ಟು ಗಂಟೆಗೆ ಏಳ್ತೀರಿ?"

"ಐದಕ್ಕ."

"ಹಾಗಾದರೆ ಐದಕ್ಕೆ ನೀರು, ಮಾತ್ರೆ. ಆರಕ್ಕೆ ಕಾಫಿ."

"ಯಾಕ? ಒಂದ ತಾಸು ನಾ ಏನ ಮಾಡ್ಲಿ?"

"ಹೆಂಡತಿ ಜೊತೆ ಮಾತಾಡಿ."

"ಅದಕ್ಕ ಕಾಫಿ ಬೇಕಾಗೂದು!"

ಇಡೀ ಕ್ಲಾಸು ನಕ್ಕಿತು. ಲಿನ್ ನಗಲಿಲ್ಲ. ಅಂಕಲ್ಲಿನ ಮುಂದೆ ಬಗ್ಗಿ, ಕಣ್ಣಲ್ಲಿ ಕಣ್ಣಿಟ್ಟು, "ಈಗ ನೀವು ಹೇಳಿ ಅಂಕಲ್. ನಾಳೆ ಬೆಳಿಗ್ಗೆ ಏನು ಮಾಡ್ತೀರಿ?" ಎಂದರು. ಅಂಕಲ್ ಮೂರನೇ ಕ್ಲಾಸಿನ ಹುಡುಗನ ಹಾಗೆ ಒಪ್ಪಿಸಿದರು: ಐದಕ್ಕೆ ನೀರು, ಆರಕ್ಕೆ ಕಾಫಿ.

ಕೆಳಗೆ ನೋಡಿದೆ. ನನ್ನ ಕೈ ಅದರ ಪಾಡಿಗೆ ಅದು ಅಭ್ಯಾಸಬಲದಿಂದ ಗೀಟು ಹಾಕುತ್ತಿತ್ತು. ಹಾಳೆ ತುಂಬ ಗೀಟು! ಲಿನ್ ನಿಂತಿದ್ದರು, ತಡವರಿಸಿದ್ದರು, ತಿದ್ದಿಕೊಂಡಿದ್ದರು. ಅದೇ ನಾನು ಅವರಿಂದ ಕೇಳಿದ ಅತ್ಯಂತ ಒಳ್ಳೆಯ ಇಂಗ್ಲಿಷ್ ಆಗಿತ್ತು. ಎಲ್ಲಿ ನಿಂತಿದ್ದಾರೆ ಎಂದು ಗೀಟುಗಳ ಮೇಲೆ ಬೆರಳಾಡಿಸಿ ನೋಡಿಕೊಂಡೆ. ನಿಂತಲ್ಲೆಲ್ಲ ಅವರು ಅಂಕಲ್ಲಿನ ಮುಖ ನೋಡಿದ್ದರು. ಆ ಮುಖಕ್ಕೆ ತಲುಪುವ ಮಾತು ಹುಡುಕಲು ನಿಂತಿದ್ದರು. ಮೈಕಿಗೆ ಮುಖವಿಲ್ಲ. ಅದರ ಮುಂದೆ ನಿಲ್ಲಬೇಕಾದ ಕಾರಣವೇ ಅವರಿಗೆ ಇರಲಿಲ್ಲ.

ನನಗೆ ಕುಣಿಯುವಷ್ಟು ಖುಷಿಯಾಯಿತು. ಕ್ಲಾಸಿನ ಮಧ್ಯೆ ಹೋಗಿ, "ಅಂಕಲ್, ಇವತ್ತಿಂದ ನೀವು ಇಲ್ಲೇ ಕೂರಬೇಕು. ಯಾರು ಏನು ಹೇಳಿದ್ರೂ ಒಂದೇ ಮಾತು ಕೇಳಬೇಕು" ಎಂದೆ.

"ಏನಂತ?"

"ಈಗ ಕೇಳಿದ್ರಲ್ಲ, ಯಾಕ ಅಂತ."

ಹೀಗೆ ನಮ್ಮ ಹೊಸ ವಿಧಾನ ಹುಟ್ಟಿತು. ವಿದ್ಯಾರ್ಥಿ ಕುರ್ಚಿಯಲ್ಲಿ ಕೂರಬೇಕು, ಎದುರಿಗೆ ಕೈಕಟ್ಟಿಕೊಂಡ ಅಂಕಲ್. ವಿದ್ಯಾರ್ಥಿ "ನನಗೆ ಹಳ್ಳಿಗಿಂತ ಪಟ್ಟಣ ಇಷ್ಟ" ಎಂದರೆ ಅಂಕಲ್ ಕನ್ನಡದಲ್ಲೇ "ಯಾಕ?" ಎನ್ನುವರು. "ಆಸ್ಪತ್ರೆ ಹತ್ತಿರ ಇರುತ್ತೆ." "ಯಾಕ, ಆರಾಮಿಲ್ಲೇನು?" ಬಾಯಿಪಾಠದ ಉತ್ತರ ಎರಡನೇ ಯಾಕಕ್ಕೆ ಮುರಿದು ಬೀಳುತ್ತಿತ್ತು. ಆಮೇಲೆ ಬರುವುದು ಅವರದೇ ಮಾತು. ಒಂದೆರಡು ಶನಿವಾರದಲ್ಲಿ ಇಡೀ ಕ್ಲಾಸಿಗೆ ಕನ್ನಡದ ಒಂದು ಶಬ್ದ ಬಂತು. ಊಟಕ್ಕೆ ಕೆಳಗಿಳಿದು ಪಕ್ಕದ ಹೋಟೆಲಿಗೆ ಹೋದರೆ ಒಬ್ಬರು ದೋಸೆ ಹೇಳುವುದು, ಇನ್ನೊಬ್ಬರು "ಯಾಕ?" ಎನ್ನುವುದು. ಹೋಟೆಲಿನ ಗುಜರಾತಿ ಮಾಲೀಕರು ಅದು ಚೀನೀ ಭಾಷೆಯೆಂದೇ ತಿಳಿದಿದ್ದರು.

ಎಲ್ಲರಿಗೂ ಇದು ಆಟ. ಲಿನ್ ಅವರಿಗೆ ಮಾತ್ರ ಸಂಕಟ. ಮುರಿದದ್ದು ಅವರು ವರ್ಷಗಟ್ಟಲೆ ಕಟ್ಟಿಕೊಂಡ ಗೋಡೆ. ಮೊದಲ ಅಣಕು ಪರೀಕ್ಷೆಯಲ್ಲಿ ಅರ್ಧಕ್ಕೇ ನಿಂತು, ಉಳಿದ ಸೆಕೆಂಡುಗಳನ್ನು ಸುಮ್ಮನೆ ಕಳೆದರು. ನಾನು ಹಾಕಿದ ಅಂಕ ಇಪ್ಪತ್ತು. ಹಾಳೆಯನ್ನು ಅವರ ಕೈಗಿಟ್ಟೆ.

"ಟೀಚರ್, ನನ್ನಲ್ಲಿದ್ದ ಇಪ್ಪತ್ತೆರಡೂ ಹೋಯಿತು."

"ಇಪ್ಪತ್ತೆರಡರಿಂದ ಇಪ್ಪತ್ತಾರಕ್ಕೆ ದಾರಿ ಇರಲಿಲ್ಲ" ಎಂದೆ. ಹೇಳುವುದೇನೋ ಧೈರ್ಯವಾಗಿ ಹೇಳಿಬಿಟ್ಟೆ. ಬೇಸಿಗೆ ಅರ್ಧ ಕಳೆದಿತ್ತು. ನನ್ನ ಮಾತು ಸುಳ್ಳಾದರೆ ಕಳೆದುಕೊಳ್ಳುವವರು ಅವರು, ನಾನಲ್ಲ.

ಆಗ ಅಂಕಲ್ ನಡುವೆ ಬಂದರು. "ಲಿನ್ ಅಕ್ಕಾವರ, ನೀವು ನನಗ ಹೇಳಿದ ಹಂಗ ಐದಕ್ಕ ನೀರು ಕುಡೀಲಿಕ್ಕೆ ಹತ್ತೀನ್ರಿ. ಯಾಕ ಅಂದ್ರ ನೀವು ಹೇಳಿದ್ದು ನನಗ ತಿಳೀತು. ತಿಳಿಯೂ ಹಂಗ ಹೇಳಿದ್ರಿ. ಅದು ಇಪ್ಪತ್ತಲ್ಲರಿ." ಲಿನ್ ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡು, ಅವರ ಎದುರಿನ ಕುರ್ಚಿ ಎಳೆದು ಕೂತರು. "ಕೇಳಿ ಅಂಕಲ್" ಎಂದರು.

ಅಲ್ಲಿಂದ ಒಂದೊಂದು ಶನಿವಾರವೂ ಒಂದೊಂದು ಮೆಟ್ಟಿಲು. ಇಪ್ಪತ್ತೊಂದು, ಇಪ್ಪತ್ತಮೂರು, ಇಪ್ಪತ್ತೈದು. ಪ್ರೀತಿಗೆ ಜಾಸ್ತಿ ಹಾಕುತ್ತಿದ್ದೇನೋ ಎಂದು ಒಂದೊಂದು ರೆಕಾರ್ಡಿಂಗನ್ನೂ ಎರಡೆರಡು ಸಲ ಕೇಳಿ ಅಂಕ ಹಾಕುತ್ತಿದ್ದೆ. ಎದುರಿಗೆ ಅಂಕಲ್ ಇಲ್ಲದಿದ್ದರೂ ಮಾತು ಬರಬೇಕಲ್ಲ, ಅದಕ್ಕೆ ನಾನೊಂದು ನಿಯಮ ಮಾಡಿದೆ. ಯೋಚಿಸಲು ಕೊಡುವ ಹದಿನೈದು ಸೆಕೆಂಡಿನಲ್ಲಿ ಏನು ಹೇಳಲಿ ಎಂದು ಮೊದಲು ಹುಡುಕಬೇಡಿ. ಯಾರಿಗೆ ಹೇಳುತ್ತಿದ್ದೇನೆ ಎಂದು ಆರಿಸಿಕೊಳ್ಳಿ. ಲಿನ್ ಪ್ರತಿ ಸಲವೂ ಅಂಕಲ್ಲನ್ನೇ ಆರಿಸಿಕೊಳ್ಳುತ್ತಿದ್ದರು.

ಪರೀಕ್ಷೆಗೆ ಹೂಸ್ಟನ್ನಿನಲ್ಲಿ ಜಾಗ ಸಿಗಲಿಲ್ಲ. ಡಾಲಸ್‌ನಲ್ಲೂ ಇಲ್ಲ. ಆಸ್ಪತ್ರೆಯವರ ಗಡುವಿನೊಳಗೆ ಫಲಿತಾಂಶ ಬರುವ ಹಾಗೆ ಸಿಕ್ಕಿದ್ದು ಆಸ್ಟಿನ್ನಿನಲ್ಲಿ ಒಂದು ಕುರ್ಚಿ. ಲಿನ್ ಹಿಂಜರಿಯುತ್ತ ಕೇಳಿದರು, "ಅಂಕಲ್ ಬರಬಹುದಾ? ಒಳಗೆ ಹೋಗುವ ಮುಂಚೆ ಒಂದು ಸಲ ಮುಖ ನೋಡಬೇಕು."

"ನನ್ನ ಮಾರಿ ನೋಡಾಕ ಯಾರೂ ಆಸ್ಟಿನ್ ತನಕ ಬಂದಿದ್ದಿಲ್ಲ" ಎಂದು ಅಂಕಲ್ ಹಿಗ್ಗಿದರು.

ನಾವು ಡಾಲಸ್‌ನಿಂದ, ಅವರು ಹೂಸ್ಟನ್ನಿನಿಂದ. ಆಸ್ಟಿನ್ ಹತ್ತಿರ ಫ್ಲೂಗರ್‌ವಿಲ್ ದಾಟುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿ ನನ್ನ ಜೀವ ಬಾಯಿಗೆ ಬಂದಿತ್ತು. ಪರೀಕ್ಷೆಯ ಕಟ್ಟಡ ತಲುಪಿದಾಗ ಲಿನ್ ಬಾಗಿಲ ಬಳಿ ನಿಂತಿದ್ದರು. ವಾಚು, ಫೋನು, ಕೂದಲಿನ ಕ್ಲಿಪ್ಪು ಎಲ್ಲ ತೆಗೆದಿಟ್ಟು ಬರಿಗೈಯಲ್ಲಿ ಹೋಗಬೇಕು. ಅವರು ಅಂಕಲ್ಲಿನ ಮುಖವನ್ನೊಮ್ಮೆ ನೋಡಿದರು. ಅಂಕಲ್ ಗಂಭೀರವಾಗಿ "ಯಾಕ?" ಎಂದರು. ಲಿನ್ ನಕ್ಕು ಒಳಗೆ ಹೋದರು.

ನಾವು ಪಾರ್ಕಿಂಗ್ ಲಾಟ್‌ನಲ್ಲಿ ಒಂದೇ ಒಂದು ಓಕ್ ಮರದ ನೆರಳಿನಲ್ಲಿ ಕಾರು ನಿಲ್ಲಿಸಿಕೊಂಡು ಕೂತೆವು. ಅಂಕಲ್ ಡಬ್ಬಿಯಲ್ಲಿ ಅವಲಕ್ಕಿ ತಂದಿದ್ದರು. ಇಬ್ಬರೂ ತಿನ್ನಲಿಲ್ಲ. ನಾನು ದಿನಚರಿ ತೆಗೆದು ತಾರೀಖು ಬರೆದೆ, ಮುಂದೆ ಬರೆಯಲು ಏನೂ ತೋಚಲಿಲ್ಲ.

ಮಧ್ಯಾಹ್ನ ಲಿನ್ ಹೊರಗೆ ಬಂದರು. ಓಡುತ್ತಲೇ ಬಂದರು. ಮುಖದಲ್ಲಿ ನಗುವೂ ಇತ್ತು, ಗಾಬರಿಯೂ ಇತ್ತು.

"ಟೀಚರ್! ನಿಮ್ಮ ಅಜ್ಜಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು!"

ಬಿಸಿಲಿಗೆ ತಲೆ ಕೆಟ್ಟಿತೇ ಎಂದುಕೊಂಡೆ. ಅವರು ಉಸಿರು ತೆಗೆದುಕೊಂಡು ಹೇಳಿದರು. ಮಾತಿನ ಪ್ರಶ್ನೆ ಬಂದದ್ದೇ ಅದು: ಹಿರಿಯರೊಬ್ಬರಿಂದ ನೀವು ಕಲಿತ ಒಂದು ವಿಷಯ. ಹದಿನೈದು ಸೆಕೆಂಡು ಶುರುವಾಯಿತು. ಅಷ್ಟರಲ್ಲಿ ಅಡ್ಡಗೋಡೆಯ ಆಚೆ, ಕೆಲವು ಸೆಕೆಂಡು ಮುಂದಿದ್ದ ಹುಡುಗನೊಬ್ಬ ಗಟ್ಟಿಯಾಗಿ ಮಾತಾಡುತ್ತಿದ್ದ: ನಮ್ಮಜ್ಜಿಯ ಬಳಿ ಒಂದು ಹಿತ್ತಾಳೆ ಕಾಫಿ ಫಿಲ್ಟರ್ ಇತ್ತು. ಟಕ್ ಟಕ್!

ನನ್ನ ಮೊದಲ ಕ್ಲಾಸಿನ ರೆಕಾರ್ಡಿಂಗು ಫೋನಿನಿಂದ ಫೋನಿಗೆ ಹಾರಿ, ನಾನು ಕಂಡಿರದ ಹುಡುಗನ ಬಾಯಿ ಸೇರಿತ್ತು. "ಅದು ಎಲ್ಲರ ಹತ್ತಿರ ಇದೆ ಟೀಚರ್. ಭಾರತದ ಅಜ್ಜಿ ಅಂತಲೇ ಅದಕ್ಕೆ ಹೆಸರು. ನನಗೂ ಬಾಯಿಗೆ ಬರುತ್ತೆ. ನಿಮ್ಮ ಕ್ಲಾಸಿಗೆ ಬರುವ ಮೊದಲೇ ಬರುತ್ತಿತ್ತು."

"ನೀವು ಅದನ್ನೇ ಹೇಳಿದ್ರಾ?" ಎಂದು ಕೇಳಿದೆ.

"ನಾಲಿಗೆ ತುದಿಗೆ ಬಂದಿತ್ತು. ಕಣ್ಣು ಮುಚ್ಚಿದೆ. ಅಂಕಲ್ ಕೂತಿದ್ದರು, ಕೈಕಟ್ಟಿಕೊಂಡು." ಆಮೇಲೆ ಅವರು ಹೇಳಿದ್ದು ತಮ್ಮ ಚೆಂಗ್ಡು ಆಸ್ಪತ್ರೆಯ ಹಿರಿಯ ಸಹೋದ್ಯೋಗಿಯ ಬಗ್ಗೆ. ಔಷಧ ಕೊಟ್ಟು "ಅರ್ಥವಾಯಿತಾ?" ಎಂದು ಯಾವತ್ತೂ ಕೇಳಬೇಡ, ಎಲ್ಲರೂ ಆಯಿತು ಎಂದೇ ಹೇಳುತ್ತಾರೆ, ಹೇಗೆ ತೆಗೆದುಕೊಳ್ಳುತ್ತೀರಿ, ಹೇಳಿ ನೋಡೋಣ ಎಂದು ಕೇಳು ಎಂದು ಅವರು ಕಲಿಸಿದ್ದರಂತೆ. ಅಂಕಲ್ಲಿಗೆ ಐದರ ನೀರು ಒಪ್ಪಿಸಲು ಹೇಳಿದ್ದು ಆ ಪಾಠವೇ.

"ಛಲೋ ಹೇಳೀರಿ! ಮತ್ತ ಗಾಬರಿ ಯಾಕ?" ಎಂದರು ಅಂಕಲ್.

ಲಿನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಮಧ್ಯದಲ್ಲಿ ಅಂದುಬಿಟ್ಟೆ. ಪರೀಕ್ಷೆಯಲ್ಲಿ, ಮೈಕಿನಲ್ಲಿ. ನೀವು ಕೇಳಬಹುದು, ಯಾಕ ಅಂತ, ಅಂದೆ."

"ಯಾಕ ಅಂತನ ಅಂದ್ರೇನ್ರಿ? ಕನ್ನಡದಾಗ?"

"ಕನ್ನಡದಲ್ಲಿ."

ಅಂಕಲ್ಲಿಗೆ ಹೆಮ್ಮೆಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಅಂಕ ಹಾಕುವವರು ಎಲ್ಲೋ ಕೂತು ಅದನ್ನು ಕೇಳಿ ಏನೆಂದುಕೊಳ್ಳುತ್ತಾರೆ? ಇಂಗ್ಲಿಷ್ ಬಾರದೆ ತನ್ನ ಭಾಷೆಗೆ ಜಾರಿದಳು ಎಂದೇ? ಅವಲಕ್ಕಿ ಮೂವರೂ ತಿಂದೆವು. ವಾಪಸ್ ಬರುವ ದಾರಿಯುದ್ದಕ್ಕೂ ಅಂಕಲ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಫಲಿತಾಂಶ ಬಂದ ಬೆಳಿಗ್ಗೆ ನಾವಿಬ್ಬರೂ ಫಾರ್ಮರ್ಸ್ ಬ್ರಾಂಚ್‌ನಲ್ಲಿ ಹೆಡ್‌ಸೆಟ್‌ಗಳನ್ನು ಒರೆಸುತ್ತಿದ್ದೆವು. ಹೊಸಬರೇ, ಪ್ರತಿ ಸೋಮವಾರ ನೀವೂ ಒರೆಸಬೇಕು, ಬೇರೆಯವರು ಯಾರೂ ಮಾಡುವುದಿಲ್ಲ. ಫೋನು ಬಂತು. ಲಿನ್. ನಾನು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

"ಹಲೋ?"

ಆ ಕಡೆಯಿಂದ ಮಾತಿಲ್ಲ. ಉಸಿರು ಮಾತ್ರ. ಒಂದು ಕಾಲಕ್ಕೆ ಒಂದು ಗೀಟಿಗೂ ಅವಕಾಶ ಕೊಡದಿದ್ದ ಆ ಹೆಂಗಸು ಈಗ ಮಾತು ಹುಡುಕುತ್ತಿದ್ದರು. ಪೆನ್ಸಿಲ್ ಕೈಯಲ್ಲೇ ಇತ್ತು. ಗೀಟು ಹಾಕಲಿಲ್ಲ.

ಅಂಕಲ್ಲಿಗೆ ತಡೆಯಲಾಗಲಿಲ್ಲ. "ಲಿನ್ ಅಕ್ಕಾವರ, ಎಷ್ಟ ಬಂತ್ರಿ?"

"ಇಪ್ಪತ್ತಾರು."

ನಾನು ಕೂಗಿದ ಕೂಗಿಗೆ ಪಕ್ಕದ ಆಫೀಸಿನ ತೆರಿಗೆ ಲೆಕ್ಕದವರು ಬಾಗಿಲು ತೆರೆದು ನೋಡಿದರು. ಹೆಡ್‌ಸೆಟ್ಟಿನ ರಾಶಿ ನೆಲಕ್ಕೆ ಬಿತ್ತು. ಅಂಕಲ್ ಕನ್ನಡಕ ತೆಗೆದು, ಹೆಡ್‌ಸೆಟ್ ಒರೆಸುವ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು, ಕೈಕಟ್ಟಿ, ಫೋನಿನ ಎದುರು ನೆಟ್ಟಗೆ ಕೂತರು.

"ಇಪ್ಪತ್ತೇಳು ಯಾಕ ಬರಲಿಲ್ಲ?"

ಆ ಕಡೆಯಿಂದ ನಗು. ಆಮೇಲೆ ಲಿನ್ ಉತ್ತರ ಕೊಡಲು ಶುರು ಮಾಡಿದರು. ತಡವರಿಸಿದರು, ತಿದ್ದಿಕೊಂಡರು, ನಡುವೆ ತಮ್ಮ ಭಾಷೆಯಲ್ಲಿ ಏನೋ ಅಂದು ತಾವೇ ನಕ್ಕರು. ಗೋಡೆಯ ಗಡಿಯಾರದಲ್ಲಿ ನಲವತ್ತೈದು ಸೆಕೆಂಡು ದಾಟಿತು, ಎರಡು ನಿಮಿಷ ದಾಟಿತು. ಅವರು ಹೇಳುತ್ತಲೇ ಇದ್ದರು. ನಾವಿಬ್ಬರೂ ಕೂತು ಕೇಳುತ್ತಲೇ ಇದ್ದೆವು.